ಡಿಮೆನ್ಷಿಯಾ ಇರುವವರ ದಿನಚರಿ

ಡಿಮೆನ್ಷಿಯಾ ವಯಸ್ಸಿನ ಸಹಜ ಮರೆವಲ್ಲ, ಮಿದುಳಿನ ಕಾಯಿಲೆಯ ಫಲ. ಹೊಸ ಸಂಗತಿ ನೆನಪಿನಲ್ಲಿ ನಿಲ್ಲದಿದ್ದರೂ ಹಳೆಯ ರೂಢಿ ಬಹುಕಾಲ ಉಳಿಯಬಲ್ಲದು. ಆದ್ದರಿಂದ ಸ್ನಾನ, ಊಟ, ನಡಿಗೆ, ನಿದ್ರೆ ದಿನವೂ ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ ನಡೆಯಲಿ. ಬಟ್ಟೆ ಮಡಚುವುದು, ಅವರೆ ಸುಲಿಯುವುದು ಮುಂತಾದ ಕೈಗೆ ಒಗ್ಗಿದ ಕೆಲಸ ಅವರಿಗೇ ಬಿಡಿ.

ಹಲವರಿಗೆ ಸಂಜೆ ಗಲಿಬಿಲಿ ಹೆಚ್ಚು. ನಮ್ಮ ಹುಬ್ಬತಲೈಯಲ್ಲಿ ಮಂಜು ಕವಿದರೆ ಬೇಗ ಮಬ್ಬಾಗುತ್ತದೆ. ಅದಕ್ಕೆ ಮೊದಲೇ ನಡಿಗೆ ಮುಗಿಸಿ, ದೀಪ ಹಾಕಿ. ಮನೆಯಲ್ಲೇ ಇದ್ದು "ಮನೆಗೆ ಹೋಗಬೇಕು" ಎಂದರೆ ವಾದಿಸಬೇಡಿ. ಕೈ ಹಿಡಿದು ಹಳೆಯ ಮಾತು ತೆಗೆಯಿರಿ.

ನೋಡಿಕೊಳ್ಳುವವರಿಗೂ ಬಿಡುವು ಬೇಕು. ನೆರೆಯವರಾದ ನಾವು ದಿನಕ್ಕೊಂದು ಗಂಟೆ ಜೊತೆಗೆ ಕೂತರೂ ಅವರಿಗೆ ದೊಡ್ಡ ಆಸರೆ. ಹಿರಿಯರ ಸಹಾಯವಾಣಿ 14567, ಮನಸ್ಸಿನ ದಣಿವಿಗೆ ಟೆಲಿ ಮಾನಸ್ 14416, ಎರಡೂ ಉಚಿತ.