ಶಾವಿಗೆ ಗಂಟಿನ ಕೆಳಗೆ

ಕಾಲುವೆಯ ದಂಡೆಗೆ ಇಳಿದು ನಿಂತರೆ ಲಾರಿಗಳು ಕಾಣುವುದಿಲ್ಲ, ಕೇಳುತ್ತವೆ. ತಲೆಯ ಮೇಲಿನ ಕಾಂಕ್ರೀಟ್ ಹಾಸುಗಳ ಸಂದುಗಳನ್ನು ಚಕ್ರಗಳು ದಾಟಿದಾಗಲೆಲ್ಲ ದಡಕ್ ದಡಕ್ ಎಂಬ ಬಡಿತ ಕೆಳಗಿಳಿಯುತ್ತದೆ. ಕಂಬದ ಹಿಂದೆ ಕಂಬ, ಅದರ ಹಿಂದೆ ಇನ್ನೊಂದು. ನೀರು ಮಾತ್ರ ಇದಾವುದೂ ತನಗೆ ಸಂಬಂಧವಿಲ್ಲ ಎಂಬಂತೆ ಸುಮ್ಮನೆ ಮಲಗಿರುತ್ತದೆ.

ಇದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಗ್ರೇವಲಿ ಹಿಲ್ ಇಂಟರ್‌ಚೇಂಜ್. ಸರ್ಕಾರಿ ಕಾಗದಪತ್ರಗಳ ಆಚೆಗೆ ಆ ಹೆಸರನ್ನು ಬಳಸುವವರು ಕಡಿಮೆ. ಊರಿಗೆಲ್ಲ ಅದು ‘ಸ್ಪಾಗೆಟಿ ಜಂಕ್ಷನ್’. ಕಟ್ಟುವ ಕೆಲಸ ಶುರುವಾಗಿದ್ದು 1968ರಲ್ಲಿ. ಹೆಸರು ಬಿದ್ದಿದ್ದು ಅದಕ್ಕೂ ಮೂರು ವರ್ಷ ಮೊದಲೇ! 1965ರಲ್ಲಿ ‘ಬರ್ಮಿಂಗ್‌ಹ್ಯಾಮ್ ಈವ್ನಿಂಗ್ ಮೇಲ್’ ಪತ್ರಿಕೆಯ ವರದಿಗಾರ ರಾಯ್ ಸ್ಮಿತ್ ನಕ್ಷೆಯನ್ನು ನೋಡಿ, ಇದೇನು ತಟ್ಟೆ ತುಂಬ ಸ್ಪಾಗೆಟಿಯೋ, ಕಟ್ಟಲು ಹೋಗಿ ಕೆಟ್ಟ ಸ್ಟಾಫರ್ಡ್‌ಶೈರ್ ಗಂಟೋ ಎಂಬರ್ಥದಲ್ಲಿ ಬರೆದ. ಆ ಗಂಟು ನೆರೆಯ ಜಿಲ್ಲೆಯ ಲಾಂಛನ. ಪತ್ರಿಕೆಯ ಶೀರ್ಷಿಕೆ ಗಂಟನ್ನು ಬಿಟ್ಟು ತಿಂಡಿಯನ್ನು ಹಿಡಿದುಕೊಂಡಿತು.

ಆ ತಿಂಡಿಯಾದರೂ ಆಗ ಬ್ರಿಟನ್ನಿನ ಮನೆಮನೆಯ ಊಟವಾಗಿರಲಿಲ್ಲ. 1957ರ ಏಪ್ರಿಲ್ 1ರಂದು ಬಿಬಿಸಿಯ ‘ಪನೋರಮಾ’ ಕಾರ್ಯಕ್ರಮ ಸ್ವಿಟ್ಜರ್ಲೆಂಡಿನಲ್ಲಿ ಮರದಿಂದ ಸ್ಪಾಗೆಟಿ ಕೊಯ್ಯುತ್ತಿರುವ ದೃಶ್ಯ ತೋರಿಸಿ ಜನರನ್ನು ಏಪ್ರಿಲ್ ಫೂಲ್ ಮಾಡಿತ್ತು. ಈ ಗಿಡ ಬೆಳೆಸುವುದು ಹೇಗೆಂದು ಕೆಲವರು ಫೋನ್ ಮಾಡಿ ವಿಚಾರಿಸಿದ್ದರು. ಎಂಟು ವರ್ಷದಲ್ಲಿ ಅದೇ ಪದ ಒಂದು ರಸ್ತೆಗೆ ಅಡ್ಡಹೆಸರಾಗುವಷ್ಟು ಪಳಗಿತು. ನಮ್ಮ ಕಡೆಯಾಗಿದ್ದರೆ ಯಾರಾದರೂ ಶಾವಿಗೆ ಸರ್ಕಲ್ ಎಂದು ಕರೆದು ಕೈತೊಳೆದುಕೊಳ್ಳುತ್ತಿದ್ದರೇನೋ.

ಇಷ್ಟು ಗೋಜಲು ಯಾಕೆ ಬೇಕಾಯಿತು? ಎಂಜಿನಿಯರುಗಳ ಹುಚ್ಚಾಟ ಎಂದು ಬೈದವರಿದ್ದಾರೆ. ಕೆಳಗಿಳಿದು ನೋಡಿದರೆ ಆ ಬೈಗುಳ ನಿಲ್ಲುವುದಿಲ್ಲ. ಇಲ್ಲಿ ನೆಲ ಖಾಲಿಯೇ ಇರಲಿಲ್ಲ. ಟೇಮ್ ನದಿ ಹರಿಯುವ ತಗ್ಗು ಇದು; ರೇ ನದಿಯೂ ಬಂದು ಅದನ್ನು ಸೇರುತ್ತದೆ. ಇವುಗಳ ಪಕ್ಕದಲ್ಲಿ 1789ರಲ್ಲಿ ಬರ್ಮಿಂಗ್‌ಹ್ಯಾಮ್–ಫೇಜ್ಲಿ ಕಾಲುವೆ ತೆರೆಯಿತು. 1844ರಲ್ಲಿ ಇನ್ನೆರಡು ಕಾಲುವೆಗಳು ಬಂದು ಅದಕ್ಕೆ ಕೂಡಿಕೊಂಡವು. ಆ ಕೂಡುಸ್ಥಳದ ಹೆಸರು ಸ್ಯಾಲ್‌ಫರ್ಡ್ ಜಂಕ್ಷನ್. ಅಂದರೆ ಕಾರುಗಳಿಗಿಂತ ಬಹಳ ಮೊದಲೇ ಇಲ್ಲಿ ದೋಣಿಗಳ ಜಂಕ್ಷನ್ ಇತ್ತು. ಆಮೇಲೆ ರೈಲು ಬಂತು, ಕಾರ್ಖಾನೆಗಳು ಬಂದವು. ಕೊನೆಗೆ ಬಂದ ಮೋಟರ್‌ವೇಗೆ ಉಳಿದಿದ್ದು ಆಕಾಶ ಮಾತ್ರ.

ಹಾಗಾಗಿ ಐದು ಅಂತಸ್ತು, 559 ಕಾಂಕ್ರೀಟ್ ಕಂಬ. ಅತಿ ಎತ್ತರದ ಕಂಬ 80 ಅಡಿ. 30 ಎಕರೆ ಜಾಗದಲ್ಲಿ 18 ದಾರಿಗಳ ಕೂಡುವಿಕೆ.

ಕಂಬಗಳ ವಿಷಯದಲ್ಲಿ ಒಂದು ಸಂಗತಿಯನ್ನು ಸ್ವಲ್ಪ ನಿಂತು ನೋಡಬೇಕು. ಹಿಂದೆ ಕಾಲುವೆ ದೋಣಿಗಳನ್ನು ಎಳೆಯುತ್ತಿದ್ದದ್ದು ಕುದುರೆ. ಕುದುರೆ ದಂಡೆಯ ಮೇಲೆ, ದೋಣಿ ನೀರಿನಲ್ಲಿ, ನಡುವೆ ಉದ್ದನೆಯ ಹಗ್ಗ. ಇಂಗ್ಲೆಂಡಿನ ಹಳೆಯ ಕಾಲುವೆ ಸೇತುವೆಗಳ ಮೂಲೆಗಳಲ್ಲಿ ಈ ಹಗ್ಗ ಉಜ್ಜಿ ಉಜ್ಜಿ ಕೊರೆದ ಗೆರೆಗಳು ಇಂದಿಗೂ ಕಾಣುತ್ತವೆ. ನಮ್ಮ ಹಳೇ ಬಾವಿಕಟ್ಟೆಯ ಕಲ್ಲಿನ ಮೇಲೆ ಇರುವಂಥವೇ. ದಂಡೆಗೂ ನೀರಿಗೂ ನಡುವೆ ಒಂದು ಕಂಬ ನಿಂತರೆ ಹಗ್ಗ ಅದಕ್ಕೆ ಸುತ್ತಿಕೊಳ್ಳುತ್ತದೆ, ದೋಣಿ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಕುದುರೆ ಎಳೆಯುವ ದೋಣಿಯ ಹಗ್ಗ ಎಲ್ಲೂ ತೊಡರದ ಹಾಗೆ ಕಂಬಗಳ ಜಾಗ ಗೊತ್ತುಮಾಡಿದರು. ಆ ಹೊತ್ತಿಗೆ ದೋಣಿಗಳಿಗೆ ಎಂಜಿನ್ ಬಂದು ದಶಕಗಳೇ ಕಳೆದಿದ್ದವು. ಅಂದಿನ ಬ್ರಿಟನ್ನಿನ ಅತ್ಯಾಧುನಿಕ ರಸ್ತೆಯ ಕಾಲುಗಳು ಎಲ್ಲಿ ಊರಬೇಕೆಂದು ಹೇಳಿದ್ದರಲ್ಲಿ ಲಾಯದಲ್ಲಿಲ್ಲದ ಕುದುರೆಯ ಪಾಲೂ ಇತ್ತು!

ವಿನ್ಯಾಸ ಸರ್ ಓವನ್ ವಿಲಿಯಮ್ಸ್ ಅವರ ಸಂಸ್ಥೆಯದು. 1959ರಲ್ಲಿ ತೆರೆದ ಎಂ1 ಮೋಟರ್‌ವೇಯ ಮೊದಲ ಭಾಗವನ್ನು ರೂಪಿಸಿದವರೂ ಇವರೇ. ಕಟ್ಟುವ ಕೆಲಸ ನಡೆಯುತ್ತಿರುವಾಗಲೇ, 1969ರಲ್ಲಿ, ಅವರು ತೀರಿಕೊಂಡರು.

ಆ ನಾಲ್ಕು ವರ್ಷಗಳ ಛಾಯಾಚಿತ್ರಗಳಲ್ಲಿ ರಸ್ತೆಯ ತುಂಡುಗಳು ಎಲ್ಲಿಗೂ ಹೋಗದೆ ಗಾಳಿಯಲ್ಲೇ ಮುಗಿದುಹೋಗುತ್ತವೆ. ಕೆಳಗೆ ಕೆಸರು, ಕ್ರೇನು, ಪಕ್ಕದಲ್ಲೇ ಹೊಗೆಗೂಡು ಹೊತ್ತ ಇಟ್ಟಿಗೆ ಮನೆಗಳ ಸಾಲು. ಇನ್ನಷ್ಟು ಮನೆಗಳು ಅದಾಗಲೇ ಚಿತ್ರದಿಂದ ಮಾಯವಾಗಿದ್ದವು: ದಾರಿ ಬಿಡಿಸಲು ಮನೆಗಳನ್ನೂ ಕಾರ್ಖಾನೆಗಳನ್ನೂ ಕೆಡವಿದ್ದರು. 18 ದಾರಿಗಳ ಲೆಕ್ಕ ಎಲ್ಲ ಕಡೆ ಸಿಗುತ್ತದೆ, ಖಾಲಿಯಾದ ಅಡುಗೆಮನೆಗಳ ಲೆಕ್ಕಕ್ಕೆ ಹುಡುಕಬೇಕು.

1972ರ ಮೇ 24ರಂದು ಪರಿಸರ ಖಾತೆಯ ಸಚಿವ ಪೀಟರ್ ವಾಕರ್ ಇದನ್ನು ಉದ್ಘಾಟಿಸಿದರು. ಪರಿಸರ ಸಚಿವರು ಮೋಟರ್‌ವೇ ಉದ್ಘಾಟಿಸುವುದು ಇಂದು ವಿಚಿತ್ರವೆನಿಸಬಹುದು. ಆಗ ಸಾರಿಗೆಯೂ ಅದೇ ಖಾತೆಯಲ್ಲಿತ್ತು. ಸುಮಾರು 1 ಕೋಟಿ ಪೌಂಡ್ ಖರ್ಚಾಗಿತ್ತು. ಕಾರು ತಯಾರಿಕೆಯಿಂದ ಬದುಕುತ್ತಿದ್ದ ನಗರಕ್ಕೆ ಅದು ಹಬ್ಬ. ಈ ಗೋಜಲಿನ ಪೋಸ್ಟ್‌ಕಾರ್ಡುಗಳು ಮಾರಾಟವಾದವು. ದಾರಿ ತಪ್ಪಿ ಅಲ್ಲೇ ಸುತ್ತುತ್ತಿರುವವರ ಜೋಕುಗಳು ಹುಟ್ಟಿದವು. 1981ರಲ್ಲಿ ಹಾಲಿವುಡ್ ನಟ ಟೆಲಿ ಸವಾಲಸ್ ಒಂದು ಪ್ರಚಾರ ಚಿತ್ರದಲ್ಲಿ ಬರ್ಮಿಂಗ್‌ಹ್ಯಾಮಿನ ರಸ್ತೆಗಳನ್ನು ಬಾಯ್ತುಂಬ ಹೊಗಳಿದ. ಆ ಹೊಗಳಿಕೆಯನ್ನು ಅವನು ಓದಿದ್ದು ಲಂಡನ್ನಿನ ಸ್ಟುಡಿಯೊದಲ್ಲಿ ಕೂತು.

ಹತ್ತಿರದಲ್ಲಿ ಮನೆ ಇದ್ದವರ ಅನುಭವ ಬೇರೆ. ಆಗಿನ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು. 1970ರ ದಶಕದಲ್ಲಿ ಸಂಶೋಧಕರು ಇಲ್ಲಿನ ನಿವಾಸಿಗಳ ರಕ್ತ ತೆಗೆದು ಅದರಲ್ಲಿನ ಸೀಸವನ್ನು ಅಳೆದರು. ತಲೆಯ ಮೇಲಿನ ರಸ್ತೆ ಮೈಯೊಳಗೂ ಇಳಿಯುತ್ತಿದೆಯೇ ಎಂಬ ಆತಂಕ ಹಾಗೆ ಪ್ರಯೋಗಾಲಯಕ್ಕೆ ಹೋಯಿತು.

ರಸ್ತೆಗೂ ಒಂದು ರೋಗ ಅಂಟಿತು: ಉಪ್ಪು. ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟದಿರಲಿ ಎಂದು ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಹಾಸುಗಳ ನಡುವಿನ ಸಂದುಗಳಿಂದ ಸೋರಿ ಕೆಳಗಿನ ಅಡ್ಡತೊಲೆಗಳಿಗೆ ಇಳಿಯಿತು, ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳನ್ನು ಮುಟ್ಟಿತು. ತುಕ್ಕು ಹಿಡಿದ ಸರಳು ಉಬ್ಬಿ ಹೊರಗಿನ ಕಾಂಕ್ರೀಟನ್ನೇ ಸಿಡಿಸುತ್ತದೆ. ಮೇಲೆ ದಿನಕ್ಕೆ 2 ಲಕ್ಷಕ್ಕೂ ಹೆಚ್ಚು ವಾಹನ ಓಡುವಾಗ ರಸ್ತೆ ಮುಚ್ಚಿ ರಿಪೇರಿ ಮಾಡುವುದೆಂದರೆ ಸುಲಭವಲ್ಲ. ಬಹುಪಾಲು ಕೆಲಸ ಕೆಳಗಿನಿಂದಲೇ ನಡೆಯುತ್ತದೆ: ಕಂಬಕ್ಕೆ ಅಟ್ಟಣೆ ಕಟ್ಟಿ, ಕೊಳೆತ ಕಾಂಕ್ರೀಟನ್ನು ಕೆತ್ತಿ ತೆಗೆದು, ಹೊಸದನ್ನು ತುಂಬಿ. ಇನ್ನು ಕೆಲವು ತೊಲೆಗಳೊಳಗಿನ ಸರಳುಗಳಿಗೆ ತುಕ್ಕು ಮುಂದೆ ಹರಡದಿರಲೆಂದು ಹಗಲೂ ರಾತ್ರಿ ಸಣ್ಣದಾಗಿ ಕರೆಂಟ್ ಹರಿಸುತ್ತಿದ್ದಾರೆ.