ಮೊಂಟೆವೆರ್ಡೆ ಮೋಡಕಾಡು ಸಂರಕ್ಷಿತಾರಣ್ಯ

ಮೊಂಟೆವೆರ್ಡೆ ಮೋಡಕಾಡು ಸಂರಕ್ಷಿತಾರಣ್ಯವು ಮಧ್ಯ ಅಮೆರಿಕದ ಕೋಸ್ಟರಿಕ ದೇಶದ ಟಿಲರಾನ್ ಪರ್ವತಶ್ರೇಣಿಯಲ್ಲಿರುವ ಖಾಸಗಿ ಒಡೆತನದ ಅರಣ್ಯವಾಗಿದೆ. 1972ರಲ್ಲಿ ಸ್ಥಾಪನೆಯಾದ ಇದನ್ನು 'ಟ್ರಾಪಿಕಲ್ ಸೈನ್ಸ್ ಸೆಂಟರ್' ಎಂಬ ಸ್ವಯಂಸೇವಾ ಸಂಸ್ಥೆಯು ನಿರ್ವಹಿಸುತ್ತದೆ. ಸ್ಪ್ಯಾನಿಷ್ ಭಾಷೆಯಲ್ಲಿ 'ಮೊಂಟೆವೆರ್ಡೆ' ಎಂದರೆ ಹಸಿರು ಬೆಟ್ಟ. ವನ್ಯಜೀವಿ ಸಂಶೋಧನೆಗೆ ಹೆಸರಾದ ಈ ಕಾಡು ಬಂಗಾರದ ನೆಲಗಪ್ಪೆಯ ಅಳಿವಿನಿಂದಾಗಿ ಜಗತ್ತಿನ ಗಮನ ಸೆಳೆಯಿತು.

ಪರಿಸರ

ಕೆರಿಬಿಯನ್ ಸಮುದ್ರದ ಕಡೆಯಿಂದ ಬೀಸುವ ತೇವಭರಿತ ಗಾಳಿಯು ಪರ್ವತವನ್ನು ಏರುವಾಗ ತಣಿದು ಮೋಡವಾಗುತ್ತದೆ. ಈ ಮೋಡ ಕಾಡಿನೊಳಗೇ ಹಾದುಹೋಗುವುದರಿಂದ ಮಳೆಯಿಲ್ಲದ ದಿನಗಳಲ್ಲಿಯೂ ಎಲೆ, ರೆಂಬೆಗಳಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಮರಗಳ ಮೇಲೆ ಪಾಚಿ, ಜರೀಗಿಡ ಹಾಗೂ ಸೀತಾಳೆಗಳು ದಟ್ಟವಾಗಿ ಬೆಳೆಯುತ್ತವೆ. ಇಲ್ಲಿ ಸುಮಾರು 400 ಬಗೆಯ ಪಕ್ಷಿಗಳೂ 100 ಬಗೆಯ ಸಸ್ತನಿಗಳೂ ಇವೆ. ಜಾಗ್ವಾರ್, ಪ್ಯೂಮಾ ಮತ್ತು ಓಸೆಲಾಟ್ ಇಲ್ಲಿನ ಬೆಕ್ಕಿನ ಜಾತಿಯ ಪ್ರಾಣಿಗಳಲ್ಲಿ ಕೆಲವು.

ಇತಿಹಾಸ

ಕೋಸ್ಟರಿಕ ದೇಶವು 1948ರಲ್ಲಿ ತನ್ನ ಸೈನ್ಯವನ್ನು ರದ್ದುಪಡಿಸಿತು. ಅಮೆರಿಕದ ಕಡ್ಡಾಯ ಸೈನಿಕ ಸೇವೆಯನ್ನು ಒಪ್ಪದ, ಶಾಂತಿವಾದಿಗಳಾದ ಕ್ವೇಕರ್ ಪಂಥದ ಕೆಲವು ಕುಟುಂಬಗಳು ಅಲಬಾಮಾ ರಾಜ್ಯವನ್ನು ತೊರೆದು 1951ರಲ್ಲಿ ಇಲ್ಲಿ ನೆಲೆಸಿದವು. ಹೈನುಗಾರಿಕೆಯನ್ನು ಕೈಗೊಂಡ ಅವರು, ನೀರಿನ ಮೂಲ ಬತ್ತದಿರಲೆಂದು ಬೆಟ್ಟದ ಮೇಲ್ಭಾಗದ 554 ಹೆಕ್ಟೇರ್ ಕಾಡನ್ನು ಕಡಿಯದೆ ಉಳಿಸಿಕೊಂಡರು. ಪಕ್ಷಿಗಳ ಅಧ್ಯಯನಕ್ಕೆ ಬಂದ ಜಾರ್ಜ್ ಪೊವೆಲ್ ಮತ್ತು ಅವರ ಪತ್ನಿ ಹ್ಯಾರಿಯೆಟ್, ಕ್ವೇಕರ್ ರೈತ ವಿಲ್ಫೋರ್ಡ್ ಗಿಂಡನ್ ಅವರ ನೆರವಿನಿಂದ ಅಭಯಾರಣ್ಯಕ್ಕೆ ಅಡಿಪಾಯ ಹಾಕಿದರು. ಮೊದಲಿಗೆ ಇದರ ವಿಸ್ತೀರ್ಣ 328 ಹೆಕ್ಟೇರ್ ಆಗಿತ್ತು.

ಬಂಗಾರದ ನೆಲಗಪ್ಪೆ

ಜೇ ಸ್ಯಾವೇಜ್ 1966ರಲ್ಲಿ ವಿವರಿಸಿದ ಈ ಪ್ರಭೇದವು ಮೊಂಟೆವೆರ್ಡೆಯ ಎತ್ತರದ ಕಾಡಿನ ಸಣ್ಣ ಪ್ರದೇಶದಲ್ಲಿ ಮಾತ್ರ ಕಂಡುಬರುತ್ತಿತ್ತು. ಗಂಡುಗಳ ಮೈಬಣ್ಣ ಹೊಳೆಯುವ ಕಿತ್ತಳೆ. ವರ್ಷದಲ್ಲಿ ಕೆಲವೇ ದಿನ, ಮಳೆಗಾಲದ ಆರಂಭದಲ್ಲಿ, ನೀರಿನ ಸಣ್ಣ ಗುಂಡಿಗಳ ಬಳಿ ಇವು ನೆರೆಯುತ್ತಿದ್ದವು. 1987ರಲ್ಲಿ ಮಾರ್ಥಾ ಕ್ರಂಪ್ 1,500ಕ್ಕೂ ಹೆಚ್ಚು ಕಪ್ಪೆಗಳನ್ನು ಕಂಡಿದ್ದರು. 1989ರ ಮೇ 15ರಂದು ಕಂಡ ಒಂದು ಗಂಡೇ ಕೊನೆಯದು. 2004ರಲ್ಲಿ ಈ ಪ್ರಭೇದ ಅಳಿದಿದೆ ಎಂದು ಘೋಷಿಸಲಾಯಿತು.

ಈ ಅವಧಿಯಲ್ಲಿ 30 ಚದರ ಕಿ.ಮೀ. ಅಧ್ಯಯನ ಪ್ರದೇಶದಲ್ಲಿದ್ದ 50 ಬಗೆಯ ಕಪ್ಪೆಗಳಲ್ಲಿ 20 ಕಣ್ಮರೆಯಾದವು. ಭೂತಾಪದಿಂದಾಗಿ ಮಂಜಿಲ್ಲದ ದಿನಗಳು ಹೆಚ್ಚಿದ್ದೇ ಇದಕ್ಕೆ ಕಾರಣವೆಂದು ಅಲನ್ ಪೌಂಡ್ಸ್ ಮತ್ತು ಸಂಗಡಿಗರು 1999ರಲ್ಲಿ ವಾದಿಸಿದರು. ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರವೇ ಮುಖ್ಯ ಕಾರಣವೆಂಬುದು ಇನ್ನೊಂದು ಅಭಿಪ್ರಾಯ. ಮರಗಳ ಕಾಂಡವನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, 1986-87ರ ಎಲ್ ನಿನೊ ತಂದ ಬರವನ್ನು ಎತ್ತಿ ತೋರಿಸಿತು. ಅಳಿದಿರಬಹುದೆಂದು ಭಾವಿಸಲಾಗಿದ್ದ ಒಂದು ಸಣ್ಣ ತೊರೆಗಪ್ಪೆ 2007ರಲ್ಲಿ ಇಲ್ಲಿ ಮತ್ತೆ ಕಾಣಿಸಿಕೊಂಡಿತು.

ಕೆಟ್ಸಾಲ್ ಪಕ್ಷಿಯ ಅಧ್ಯಯನ

ಕೆಟ್ಸಾಲ್ ಪಕ್ಷಿಯ ಮುಖ್ಯ ಆಹಾರ ದಾಲ್ಚಿನ್ನಿಯ ಕುಟುಂಬಕ್ಕೆ ಸೇರಿದ ಕಾಡು ಬೆಣ್ಣೆಹಣ್ಣುಗಳು. ಪೊವೆಲ್ ಮತ್ತು ರಾಬಿನ್ ಬ್ಯೋರ್ಕ್ ಈ ಪಕ್ಷಿಗಳಿಗೆ ರೇಡಿಯೊ ಸಾಧನ ಕಟ್ಟಿ ಅವುಗಳ ಜಾಡು ಹಿಡಿದರು. ಮರಿಗಳನ್ನು ಬೆಳೆಸಿದ ಮೇಲೆ ಅವು ಸಂರಕ್ಷಿತ ಗಡಿಯನ್ನು ದಾಟಿ, ಪೆಸಿಫಿಕ್ ಕಡೆಯ ಇಳಿಜಾರಿನ ತುಂಡು ತುಂಡಾದ ಕಾಡುಗಳಿಗೆ ಇಳಿಯುತ್ತವೆಂದು ತಿಳಿದುಬಂತು. ಹೀಗಾಗಿ ಎತ್ತರದ ಕಾಡೊಂದನ್ನೇ ಕಾಯ್ದರೆ ಈ ಪಕ್ಷಿ ಉಳಿಯಲಾರದು. ರೈತರ ಜಮೀನಿನಲ್ಲಿ ಉಳಿದಿರುವ ಕಾಡೂ ಅದಕ್ಕೆ ಬೇಕು.

ಮಕ್ಕಳ ಅರಣ್ಯ

ಸಂರಕ್ಷಿತ ಪ್ರದೇಶವನ್ನು ವಿಸ್ತರಿಸುವ ಉದ್ದೇಶದಿಂದ 1986ರಲ್ಲಿ ಮೊಂಟೆವೆರ್ಡೆ ಸಂರಕ್ಷಣಾ ಸಂಘ ಸ್ಥಾಪನೆಯಾಯಿತು. ಮರುವರ್ಷ ಸ್ವೀಡನ್ನಿನ ಹಳ್ಳಿಶಾಲೆಯೊಂದರ ಮಕ್ಕಳು, ತಮ್ಮ ಶಿಕ್ಷಕಿಯ ಪ್ರೋತ್ಸಾಹದಿಂದ, ಇಲ್ಲಿ ಕಾಡು ಕೊಳ್ಳಲು ಹಣ ಸಂಗ್ರಹಿಸತೊಡಗಿದರು. ಹಲವು ದೇಶಗಳ ಮಕ್ಕಳು ಇದನ್ನು ಅನುಸರಿಸಿದರು. ಹೀಗೆ ರೂಪುಗೊಂಡ 'ಮಕ್ಕಳ ಚಿರಂತನ ಅರಣ್ಯ'ವು ಇಂದು 22,000 ಹೆಕ್ಟೇರ್‌ಗೂ ಮೀರಿದ್ದು, ಕೋಸ್ಟರಿಕದ ಅತಿದೊಡ್ಡ ಖಾಸಗಿ ಅಭಯಾರಣ್ಯವಾಗಿದೆ.