ಮಡಿಕೇರಿ: ಮುದ್ದುರಾಜನ ಕೇರಿಯಿಂದ ದಶಮಂಟಪದವರೆಗೆ

ಮಡಿಕೇರಿಗೆ ಬಂದಿಳಿಯುವ ಪ್ರವಾಸಿಗರು ಮೊದಲು ಕೇಳೋದು ರಾಜಾಸೀಟ್ ದಾರಿ. ಮಂಜು ನೋಡಿ, ಅಬ್ಬಿ ಜಲಪಾತದ ಹತ್ತಿರ ಫೋಟೋ ತೆಗೆದುಕೊಂಡು, ಕಾಫಿಪುಡಿ, ಜೇನುತುಪ್ಪ ಕಟ್ಟಿಸಿಕೊಂಡು ಹೊರಡುತ್ತಾರೆ. ಅಂಗಡಿಯವರಿಗೂ ಅದೇ ಬೇಕು, ತಪ್ಪೇನಿಲ್ಲ. ಆದ್ರೆ ಇದು ಊಟಿಯ ಹಾಗೆ ಬ್ರಿಟಿಷರು ಬೇಸಿಗೆಗೆಂದು ಕಟ್ಟಿಕೊಂಡ ಗಿರಿಧಾಮ ಅಲ್ಲ. ಅವರು ಕೊಡಗನ್ನು ಹಿಡಿಯುವ ಸುಮಾರು ನೂರೈವತ್ತು ವರ್ಷ ಮೊದಲೇ ಇದು ರಾಜಧಾನಿ, ಪೇಟೆ.

ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಹಾಲೇರಿಯಿಂದ ಇಲ್ಲಿಗೆ ತಂದ. ಮುದ್ದುರಾಜನ ಕೇರಿ ಎಂಬುದೇ ಜನರ ಬಾಯಲ್ಲಿ ಮಡಿಕೇರಿಯಾಯಿತು ಅಂತಾರೆ. ಇಂಗ್ಲಿಷರ ಬಾಯಲ್ಲಿ ಅದು ಮರ್ಕೆರಾ. ಮುದ್ದುರಾಜ ಕಟ್ಟಿಸಿದ್ದು ಮಣ್ಣಿನ ಕೋಟೆ. ಟಿಪ್ಪು ಸುಲ್ತಾನ್ ಅದನ್ನು ಕಲ್ಲಿನಲ್ಲಿ ಎಬ್ಬಿಸಿ ಜಾಫರಾಬಾದ್ ಎಂದು ಹೆಸರಿಟ್ಟ. 1790ರಲ್ಲಿ ಕೋಟೆ ಮತ್ತೆ ದೊಡ್ಡವೀರರಾಜೇಂದ್ರನ ಕೈ ಸೇರಿತು, ಹೊಸ ಹೆಸರು ಅಲ್ಲಿಗೇ ಮುಗಿಯಿತು. ಈಗಿರುವ ಅರಮನೆ ಲಿಂಗರಾಜೇಂದ್ರನ ಕಾಲದ್ದು, 1812ರಿಂದ 1814ರ ನಡುವಿನದು. ಅದರ ಗಡಿಯಾರದ ಗೋಪುರ ಮಾತ್ರ ರಾಜರದ್ದಲ್ಲ, 1933ರಲ್ಲಿ ಬ್ರಿಟಿಷರು ಸೇರಿಸಿದ್ದು. ಕಮಿಷನರ್ ಕಾರು ನಿಲ್ಲೋಕೆ ಒಂದು ಪೋರ್ಟಿಕೋ ಕೂಡ ಆಗಲೇ ಬಂತು!

ಕೋಟೆಯೊಳಗಿನ ಎರಡು ಗಾರೆ ಆನೆಗಳನ್ನು ನೋಡದ ಶಾಲಾ ಮಕ್ಕಳು ಊರಲ್ಲಿ ಸಿಗೋದು ಕಷ್ಟ. ದಿನಾ ರಾಜನಿಗೆ ವಂದಿಸುತ್ತಿದ್ದ ನಿಜವಾದ ಆನೆಗಳನ್ನು ಅವನು ಸಿಟ್ಟಿನಲ್ಲಿ ಕೊಲ್ಲಿಸಿ, ಆಮೇಲೆ ಪಶ್ಚಾತ್ತಾಪದಿಂದ ಇವನ್ನು ಮಾಡಿಸಿದ ಎಂಬುದು ಜನ ಹೇಳುವ ಕತೆ. ಪಕ್ಕದ ಇಗರ್ಜಿ ಕಟ್ಟಡ ಈಗ ವಸ್ತುಸಂಗ್ರಹಾಲಯ. ಮೊದಲು ಆ ಜಾಗದಲ್ಲಿದ್ದದ್ದು ವೀರಭದ್ರನ ಗುಡಿ.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಸರಕಾರ ಕೊಡಗನ್ನು ವಶಪಡಿಸಿಕೊಂಡಿತು. ಜನ ಸುಮ್ಮನೆ ಕೂರಲಿಲ್ಲ. ಮೂರೇ ವರ್ಷಕ್ಕೆ ಸುಳ್ಯ, ಮಂಗಳೂರು ಕಡೆಗೆಲ್ಲ ಹಬ್ಬಿದ ಬಂಡಾಯ ಎದ್ದಿತು. ಅದರ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯಗೌಡರನ್ನು 1837ರ ಅಕ್ಟೋಬರ್ 31ರಂದು ಇದೇ ಕೋಟೆಯ ಹತ್ತಿರ ಗಲ್ಲಿಗೇರಿಸಿದರು. ಸೆಲ್ಫಿಗೆ ನಿಲ್ಲುವವರಿಗೆ ಯಾರಾದರೂ ಇದನ್ನೂ ಒಂದು ಮಾತು ಹೇಳಬೇಕು.

ಓಂಕಾರೇಶ್ವರ ದೇವಸ್ಥಾನವನ್ನು ಲಿಂಗರಾಜೇಂದ್ರ ಕಟ್ಟಿಸಿದ್ದು 1820ರಲ್ಲಿ. ಒಳಗೆ ಶಿವಲಿಂಗ, ಮೇಲೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ಹೊಸಬರು ಹೊರಗೆ ನಿಂತು ಮಸೀದಿಯೋ ಗುಡಿಯೋ ಎಂದು ಅನುಮಾನಿಸುತ್ತಾರೆ, ಊರವರಿಗೆ ಅದರಲ್ಲೇನೂ ವಿಶೇಷ ಕಾಣಲ್ಲ. ರಾಜರ ಗದ್ದಿಗೆಗಳೂ ಹಾಗೇ, ಗುಮ್ಮಟದವು. ರಾಜ ರಾಣಿಯರ ಸಮಾಧಿಗಳ ಹತ್ತಿರದಲ್ಲೇ ಅವರ ಸೇನಾಧಿಕಾರಿಗಳಾದ ಬಿದ್ದಂಡ ಬೋಪು, ಅವರ ಮಗ ಸೋಮಯ್ಯ ಅವರ ಸಮಾಧಿಗಳೂ ಇವೆ. ಗದ್ದಿಗೆ ಅಂದ್ರೆ ಆಟೋದವರಿಗೆ ಗೊತ್ತು, ಪ್ರವಾಸಿಗರಿಗೆ ಅಷ್ಟಾಗಿ ಗೊತ್ತಿಲ್ಲ.

ಊರು ಯಾರದು ಎಂದು ತಿಳಿಯಬೇಕಾದರೆ ದಸರಾಕ್ಕೆ ಬರಬೇಕು. ರಾಜರ ಕಾಲದಲ್ಲಿ ಸಾಂಕ್ರಾಮಿಕ ರೋಗ ಬಂದಾಗ ಮಾರಿಯಮ್ಮನ ಮೊರೆಹೋಗಿ ಕರಗ ಹೊರಡಿಸಿದರು ಎಂಬ ನಂಬಿಕೆ ಇದೆ. ಇಂದಿಗೂ ನವರಾತ್ರಿ ಶುರುವಾಗುವುದು ಪಂಪಿನಕೆರೆಯಿಂದ ಹೊರಡುವ ನಾಲ್ಕು ಕರಗಗಳಿಂದಲೇ: ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕೋಟೆ ಮಾರಿಯಮ್ಮ. ವಿಜಯದಶಮಿ ರಾತ್ರಿ ಈ ನಾಲ್ಕು ದೇವಸ್ಥಾನಗಳ ಮಂಟಪಗಳ ಜೊತೆ ಪೇಟೆ ಶ್ರೀರಾಮ ಮಂದಿರ, ದೇಚೂರು ಶ್ರೀರಾಮ ಮಂದಿರ, ಚೌಡೇಶ್ವರಿ, ಕೋಟೆ ಗಣಪತಿ, ಕೋದಂಡರಾಮ, ಕರವಲೆ ಭಗವತಿ ಮಂಟಪಗಳೂ ಬೀದಿಗಿಳಿಯುತ್ತವೆ. ಹತ್ತು ಮಂಟಪ, ಹತ್ತು ಪುರಾಣ ಪ್ರಸಂಗ, ಕೈಕಾಲು ಆಡಿಸುವ ಆಳೆತ್ತರದ ಮೂರ್ತಿಗಳು, ಹೊಗೆ, ಬೆಳಕು, ಗಂಟೆಗಟ್ಟಲೆ ಒಂದೇ ತಿರುವಿನಲ್ಲಿ ನಿಲ್ಲುವ ಟ್ರ್ಯಾಕ್ಟರ್‌ಗಳು. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ತಮಿಳು, ಕನ್ನಡ ಎಲ್ಲ ಅಲ್ಲಿ ಒಟ್ಟಿಗೆ ಕೇಳುತ್ತೆ. ಮಂಟಪಕ್ಕೆ ಚಂದಾ ಕೊಡುವವರು, ರಾತ್ರಿಯಿಡೀ ಚಹಾ ಮಾರುವವರು ಇದೇ ಪೇಟೆಯವರು.

2018ರ ಆಗಸ್ಟ್ ಮಳೆ ಈ ಊರಿಗೆ ತನ್ನ ಇಳಿಜಾರನ್ನು ನೆನಪಿಸಿತು. ಗುಡ್ಡ ಜರಿದು ಇಂದಿರಾನಗರ, ಚಾಮುಂಡೇಶ್ವರಿ ನಗರದಂಥ ಬಡಾವಣೆಗಳಲ್ಲಿ ಮನೆಗಳು ಹೋದವು, ಸುತ್ತಲ ಹಳ್ಳಿಗಳಲ್ಲಿ ತೋಟಗಳೇ ಕೊಚ್ಚಿಹೋದವು. ಪ್ರವಾಸಿಗರಿಲ್ಲದೆ ಲಾಡ್ಜ್, ಹೋಟೆಲು, ಮಸಾಲೆ ಅಂಗಡಿಗಳು ಖಾಲಿ ಹೊಡೆದವು. ನೋಟ ನಂಬಿದ ವ್ಯಾಪಾರ ಎಷ್ಟು ಬೇಗ ನಿಲ್ಲುತ್ತೆ ಅಂತ ಆಗ ಎಲ್ಲರಿಗೂ ಗೊತ್ತಾಯಿತು. ಆ ವರ್ಷದ ದಸರಾ ಸರಳವಾಗಿ ನಡೆಯಿತು. ಆದರೂ ಕರಗ ಹೊರಟವು. ಶುಕ್ರವಾರದ ಸಂತೆಗೆ ಹಳ್ಳಿಯವರು ಚೀಲ ಹಿಡಿದು ಬಂದರು.